ಎಡಿಟಿಂಗ್‌ಗೆ ಎರಡು ಮಾನಿಟರ್: ಟೈಮ್‌ಲೈನ್ ಕಾಣೆಯಾದರೆ ಗಾಬರಿ ಬೇಡ, ಈ ಕ್ರಮದಲ್ಲಿ ಪರೀಕ್ಷಿಸಿ

ನಾಳೆ ಬೆಳಿಗ್ಗೆ ಕಿರುಚಿತ್ರ ಒಪ್ಪಿಸಬೇಕು. ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಆನ್ ಮಾಡಿ ಪ್ರಾಜೆಕ್ಟ್ ತೆರೆದರೆ ಟೈಮ್‌ಲೈನೇ ಇಲ್ಲ. ನಿನ್ನೆಯವರೆಗೆ ಎರಡನೇ ಮಾನಿಟರ್‌ನಲ್ಲಿದ್ದ ಪ್ರಿವ್ಯೂ ಎಲ್ಲಿ ಹೋಯಿತೋ ಗೊತ್ತಿಲ್ಲ. ಎರಡು ಮಾನಿಟರ್ ಇಟ್ಟುಕೊಂಡು ವಿಡಿಯೋ ಎಡಿಟ್ ಮಾಡುವವರಿಗೆ ಇದು ಹೊಸ ಅನುಭವವಲ್ಲ. ಆದರೆ ಇಂಥ ಹೊತ್ತಿನಲ್ಲಿ ಗಾಬರಿಯಿಂದ ಮಾಡುವ ಕೆಲಸಗಳೇ ಮೂಲ ಸಮಸ್ಯೆಗಿಂತ ಹೆಚ್ಚು ಹಾನಿ ಮಾಡುತ್ತವೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕುವುದು, ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡುವುದು, ಸೆಟ್ಟಿಂಗ್ಸ್ ಎಲ್ಲವನ್ನೂ ರೀಸೆಟ್ ಮಾಡುವುದು ಇವುಗಳಲ್ಲಿ ಮುಖ್ಯವಾದವು.

ಮೊದಲು ತಿಳಿಯಬೇಕಾದ ವಿಷಯ ಒಂದೇ. ಪರದೆಯ ಮೇಲಿನ ಲೇಔಟ್ ಬೇರೆ, ನೀವು ಮಾಡಿದ ಎಡಿಟ್ ಬೇರೆ. ಪ್ಯಾನಲ್‌ಗಳು ಚೆಲ್ಲಾಪಿಲ್ಲಿಯಾದ ಮಾತ್ರಕ್ಕೆ ಕಟ್‌ಗಳು, ಆಡಿಯೋ, ಕಲರ್ ಯಾವುದೂ ಹಾಳಾಗುವುದಿಲ್ಲ. ಕಾಣೆಯಾದ ವಿಂಡೋ ಬಹುತೇಕ ಸಂದರ್ಭಗಳಲ್ಲಿ ಕಂಪ್ಯೂಟರ್‌ನಲ್ಲಿ ತೆರೆದೇ ಇರುತ್ತದೆ, ನಿಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದಿಲ್ಲ ಅಷ್ಟೇ. ಅದನ್ನು ಹುಡುಕಿ ತರುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಪುಣೆಗೂ ಎಡಿಟಿಂಗ್ ಮೇಜಿಗೂ ಹಳೆಯ ನಂಟು

ಎಡಿಟಿಂಗ್ ಕಲಿಯಲು ದೇಶದ ನಾನಾ ಕಡೆಯಿಂದ ವಿದ್ಯಾರ್ಥಿಗಳು ಬರುವ ಊರು ಪುಣೆ. ಕೊಲ್ಹಾಪುರದಲ್ಲಿ 1929ರಲ್ಲಿ ಶುರುವಾದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಬಂತು. ಆ ಸ್ಟುಡಿಯೋ ಇದ್ದ ಜಾಗದಲ್ಲೇ 1960ರಲ್ಲಿ ಕೇಂದ್ರ ಸರ್ಕಾರ ಚಲನಚಿತ್ರ ಸಂಸ್ಥೆಯನ್ನು ಆರಂಭಿಸಿತು. ಅದೇ ಇಂದಿನ ಲಾ ಕಾಲೇಜು ರಸ್ತೆಯ ಎಫ್‌ಟಿಐಐ. ಕನ್ನಡಿಗರಿಗೂ ಈ ಕ್ಯಾಂಪಸ್ ಹೊಸದಲ್ಲ. ಗಿರೀಶ್ ಕಾರ್ನಾಡ್ 1974-75ರಲ್ಲಿ ಇಲ್ಲಿ ನಿರ್ದೇಶಕರಾಗಿದ್ದರು. 'ಘಟಶ್ರಾದ್ಧ' ನಿರ್ದೇಶಿಸಿದ ಗಿರೀಶ್ ಕಾಸರವಳ್ಳಿ ಇಲ್ಲಿಯೇ ಓದಿದವರು.

ಆ ಕಾಲದ ಎಡಿಟಿಂಗ್ ನಡೆಯುತ್ತಿದ್ದುದು ಸ್ಟೀನ್‌ಬೆಕ್‌ನಂಥ ಮೇಜಿನಾಕಾರದ ಯಂತ್ರಗಳ ಮೇಲೆ. ಚಿತ್ರದ ರೀಲ್ ಬೇರೆ, ಧ್ವನಿಯ ರೀಲ್ ಬೇರೆ. ಕತ್ತರಿಸಿದ ಫಿಲ್ಮ್ ತುಂಡುಗಳನ್ನು ಬಟ್ಟೆ ಕಟ್ಟಿದ ತೊಟ್ಟಿಯ ಮೇಲೆ ಸಾಲಾಗಿ ನೇತುಹಾಕುತ್ತಿದ್ದರು. ಅದರ ಹೆಸರು 'ಬಿನ್'. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ಕ್ಲಿಪ್‌ಗಳನ್ನು ಇಡುವ ಫೋಲ್ಡರ್‌ಗೆ ಅದೇ ಹೆಸರು ಉಳಿದುಕೊಂಡಿದೆ.

1989ರಲ್ಲಿ ಅವಿಡ್ ಕಂಪನಿಯ ಮೀಡಿಯಾ ಕಂಪೋಸರ್ ಬಂದ ಮೇಲೆ ಎಡಿಟಿಂಗ್ ರೂಮಿಗೆ ಎರಡು ಮಾನಿಟರ್ ಇಡುವ ಪದ್ಧತಿ ಬೇರೂರಿತು. ಒಂದರಲ್ಲಿ ಬಿನ್‌ಗಳು, ಇನ್ನೊಂದರಲ್ಲಿ ದೃಶ್ಯ ಮತ್ತು ಟೈಮ್‌ಲೈನ್. ನಿರ್ದೇಶಕರು ಕುಳಿತು ನೋಡಲು ಪ್ರತ್ಯೇಕವಾಗಿ ಇನ್ನೊಂದು ಪರದೆ. ಈಗ ಹಾಸ್ಟೆಲ್ ಕೋಣೆಯ ಲ್ಯಾಪ್‌ಟಾಪ್ ಪಕ್ಕದಲ್ಲಿ ಒಂದು ಮಾನಿಟರ್ ಇಟ್ಟುಕೊಂಡವರೂ ಅದೇ ಪದ್ಧತಿಯನ್ನು ಅನುಸರಿಸುತ್ತಿದ್ದಾರೆ. ವ್ಯತ್ಯಾಸವೆಂದರೆ, ಸ್ಟುಡಿಯೋದ ಮಾನಿಟರ್ ಕದಲುವುದಿಲ್ಲ, ಲ್ಯಾಪ್‌ಟಾಪ್ ಊರೂರು ತಿರುಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ವಿಂಡೋ ಎಲ್ಲಿಗೆ ಹೋಗುತ್ತದೆ?

ಕಂಪ್ಯೂಟರ್ ಪಾಲಿಗೆ ಎರಡು ಮಾನಿಟರ್ ಎಂದರೆ ಒಂದೇ ದೊಡ್ಡ ಮೈದಾನ. ಉದಾಹರಣೆಗೆ ವಿಂಡೋಸ್‌ನಲ್ಲಿ ಮುಖ್ಯ ಮಾನಿಟರ್‌ನ ಎಡ ಮೇಲ್ತುದಿಯನ್ನು ಸೊನ್ನೆ ಎಂದು ಇಟ್ಟುಕೊಂಡು ಲೆಕ್ಕ ಶುರುವಾಗುತ್ತದೆ. 1920 ಪಿಕ್ಸೆಲ್ ಅಗಲದ ಮುಖ್ಯ ಮಾನಿಟರ್‌ನ ಬಲಕ್ಕೆ ಇನ್ನೊಂದು ಮಾನಿಟರ್ ಇದ್ದರೆ ಅದರ ಜಾಗ 1920ರಿಂದ ಮುಂದಕ್ಕೆ. ಅಷ್ಟೇ ಅಗಲದ ಮಾನಿಟರ್ ಎಡಕ್ಕೆ ಇದ್ದರೆ ಅದರ ಜಾಗ ಮೈನಸ್ 1920ರಿಂದ ಸೊನ್ನೆಯವರೆಗೆ. ಎಡಿಟಿಂಗ್ ಸಾಫ್ಟ್‌ವೇರ್ ಮುಚ್ಚುವಾಗ ಯಾವ ಪ್ಯಾನಲ್ ಯಾವ ಸಂಖ್ಯೆಯ ಜಾಗದಲ್ಲಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಮತ್ತೆ ತೆರೆದಾಗ ಅದೇ ವಿಳಾಸಕ್ಕೆ ಹೋಗಿ ಕೂರುತ್ತದೆ.

ಪುಣೆಯ ರೂಮಿನಲ್ಲಿ ಎಡಗಡೆ ಮಾನಿಟರ್ ಇಟ್ಟು ಕೆಲಸ ಮಾಡುತ್ತಿದ್ದ ವಿದ್ಯಾರ್ಥಿ ಹಬ್ಬಕ್ಕೆಂದು ಲ್ಯಾಪ್‌ಟಾಪ್ ಹಿಡಿದು ಬೆಳಗಾವಿಗೋ ಹುಬ್ಬಳ್ಳಿಗೋ ಹೋದರು ಎಂದುಕೊಳ್ಳಿ. ಅಲ್ಲಿ ಪ್ರಾಜೆಕ್ಟ್ ತೆರೆದಾಗ ಪ್ರಿವ್ಯೂ ವಿಂಡೋ ಮೈನಸ್ ಸಂಖ್ಯೆಯ ಹಳೆಯ ವಿಳಾಸಕ್ಕೇ ಹೋಗಬಹುದು. ಆದರೆ ಆ ವಿಳಾಸದಲ್ಲಿ ಈಗ ಪರದೆಯೇ ಇಲ್ಲ. ವಿಂಡೋ ತೆರೆದಿದೆ, ಕಾಣುವುದಿಲ್ಲ. ಮನೆಯಲ್ಲಿ ಎಡಕ್ಕೆ, ಆಫೀಸಿನಲ್ಲಿ ಬಲಕ್ಕೆ ಮಾನಿಟರ್ ಇಡುವವರಿಗೂ ಇದೇ ಕಥೆ.

ಹೊಸ ಸಾಫ್ಟ್‌ವೇರ್‌ಗಳಲ್ಲಿ ಹಲವು, ಮಾನಿಟರ್ ಇಲ್ಲದಿರುವುದನ್ನು ಗಮನಿಸಿ ವಿಂಡೋಗಳನ್ನು ಒಂದೇ ಪರದೆಗೆ ತುಂಬಲು ಯತ್ನಿಸುತ್ತವೆ. ಆಗ ಎರಡು ಪರದೆಗೆ ಹಂಚಿದ್ದ ಪ್ಯಾನಲ್‌ಗಳು ಒಂದರಲ್ಲೇ ಕಿಕ್ಕಿರಿಯುತ್ತವೆ. ಪುಣೆಗೆ ವಾಪಸಾಗಿ ಮಾನಿಟರ್ ಜೋಡಿಸಿದ ಮೇಲೂ ಲೇಔಟ್ ತಾನಾಗಿ ಮೊದಲಿನಂತಾಗುತ್ತದೆ ಎಂಬ ಖಾತ್ರಿಯಿಲ್ಲ.

ಮೊದಲ ಕೆಲಸ: ಸೇವ್ ಮಾಡಿ, ಬೇರೇನನ್ನೂ ಮುಟ್ಟಬೇಡಿ

ಪ್ರಾಜೆಕ್ಟ್ ತೆರೆದಿದ್ದರೆ ಕಂಟ್ರೋಲ್ ಮತ್ತು ಎಸ್ ಒತ್ತಿ ಸೇವ್ ಮಾಡಿ. ಪ್ರಾಜೆಕ್ಟ್ ಫೈಲ್‌ನ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೋ ಬೇರೆ ಡ್ರೈವ್‌ಗೋ ಹಾಕಿಕೊಳ್ಳಿ. ಡಾವಿಂಚಿ ರಿಸಾಲ್ವ್ ಬಳಸುವವರು ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹೋಗಿ 'ಎಕ್ಸ್‌ಪೋರ್ಟ್ ಪ್ರಾಜೆಕ್ಟ್' ಮೂಲಕ ಪ್ರತಿ ತೆಗೆಯಬಹುದು.

ಕೆಲಸ ಅರ್ಧದಲ್ಲಿರುವಾಗ ಸಾಫ್ಟ್‌ವೇರ್‌ನ ಆವೃತ್ತಿ ಬದಲಿಸಬೇಡಿ. ಹೊಸ ಆವೃತ್ತಿಯಲ್ಲಿ ತೆರೆದು ಸೇವ್ ಮಾಡಿದ ಪ್ರಾಜೆಕ್ಟ್ ಹಳೆಯ ಆವೃತ್ತಿಯಲ್ಲಿ ಸಾಮಾನ್ಯವಾಗಿ ತೆರೆಯುವುದಿಲ್ಲ. ಹಲವರು ಹಂಚಿಕೊಂಡು ಬಳಸುವ ಎಡಿಟಿಂಗ್ ರೂಮಿನಲ್ಲಿ ಒಬ್ಬರು ಅವಸರಕ್ಕೆ ಮಾಡಿದ ಅಪ್‌ಡೇಟ್ ಉಳಿದವರ ಕೆಲಸವನ್ನೂ ನಿಲ್ಲಿಸಬಹುದು. ವಿಂಡೋ ಒಂದು ಕಾಣದಿದ್ದಕ್ಕೆ ಕಟ್ಟಬೇಕಾದ ಬೆಲೆ ಇದಲ್ಲ.

ನಂತರ ಮೂರು ಹಂತಗಳಲ್ಲಿ ಪರೀಕ್ಷಿಸಿ. ಮೊದಲು ಕೇಬಲ್ ಮತ್ತು ಮಾನಿಟರ್, ಆಮೇಲೆ ಆಪರೇಟಿಂಗ್ ಸಿಸ್ಟಮ್, ಕೊನೆಗೆ ಎಡಿಟಿಂಗ್ ಸಾಫ್ಟ್‌ವೇರ್. ಈ ಕ್ರಮ ತಪ್ಪಿದರೆ, ಕೇಬಲ್ ಸಡಿಲವಾಗಿದ್ದಕ್ಕೆ ಸಾಫ್ಟ್‌ವೇರ್ ರೀಸೆಟ್ ಮಾಡಿದಂತಾಗುತ್ತದೆ.

ಹಂತ 1: ಕೇಬಲ್ ಮತ್ತು ಮಾನಿಟರ್

* ಎರಡೂ ಮಾನಿಟರ್ ಆನ್ ಆಗಿವೆಯೇ, ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ ನೋಡಿ. ಡಿಸ್‌ಪ್ಲೇ ಪೋರ್ಟ್ ಮೂಲಕ ಜೋಡಿಸಿದ ಕೆಲವು ಮಾನಿಟರ್‌ಗಳ ಬಟನ್ ಆಫ್ ಮಾಡಿದರೆ ಕೇಬಲ್ ಕಿತ್ತಂತೆಯೇ ಎಂದು ಕಂಪ್ಯೂಟರ್ ಭಾವಿಸುತ್ತದೆ. ವಿಂಡೋಗಳೆಲ್ಲ ಇನ್ನೊಂದು ಪರದೆಗೆ ಹಾರುತ್ತವೆ. ಹಾಗಾಗಿ ಎರಡೂ ಮಾನಿಟರ್ ಆನ್ ಮಾಡಿದ ಮೇಲೆಯೇ ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವುದು ಒಳ್ಳೆಯದು.
* ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡೂ ಮಾನಿಟರ್‌ಗಳನ್ನು ಅದಕ್ಕೇ ಜೋಡಿಸಿ. ಒಂದನ್ನು ಮದರ್‌ಬೋರ್ಡ್‌ನ ಪೋರ್ಟ್‌ಗೆ ಹಾಕಿದರೆ ಕೆಲವು ಕಂಪ್ಯೂಟರ್‌ಗಳಲ್ಲಿ ಅದು ಕಾಣುವುದೇ ಇಲ್ಲ, ಕಂಡರೂ ಪ್ರಿವ್ಯೂ ತಡವರಿಸಬಹುದು.
* 4ಕೆ ಮಾನಿಟರ್‌ನಲ್ಲಿ ಮೌಸ್ ಎಳೆದಂತೆ ನಿಧಾನವಾಗಿ ಸಾಗುತ್ತಿದ್ದರೆ ರಿಫ್ರೆಶ್ ರೇಟ್ ನೋಡಿ. ಎಚ್‌ಡಿಎಂಐ 1.4ರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಬಾರಿ ಮಾತ್ರ ಬರುತ್ತದೆ. 60 ಬಾರಿ ಬರಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇ ಪೋರ್ಟ್ ಬೇಕು.
* ಮ್ಯಾಕ್‌ಬುಕ್ ಬಳಸುವವರು ಯಂತ್ರದ ಮಿತಿ ತಿಳಿದಿರಬೇಕು. ಎಂ1 ಮತ್ತು ಎಂ2 ಚಿಪ್‌ನ ಮ್ಯಾಕ್‌ಬುಕ್ ಏರ್ ಅಧಿಕೃತವಾಗಿ ಒಂದೇ ಹೊರಗಿನ ಮಾನಿಟರ್‌ಗೆ ಬೆಂಬಲ ಕೊಡುತ್ತವೆ. ಎರಡು ಎಚ್‌ಡಿಎಂಐ ಪೋರ್ಟ್ ಇರುವ ಸಾಮಾನ್ಯ ಯುಎಸ್‌ಬಿ-ಸಿ ಹಬ್ ಹಾಕಿದರೂ ಎರಡರಲ್ಲೂ ಒಂದೇ ಚಿತ್ರ ಬರುತ್ತದೆ. ಇದು ಸೆಟ್ಟಿಂಗ್ಸ್ ತಪ್ಪಲ್ಲ.

ಹಂತ 2: ಆಪರೇಟಿಂಗ್ ಸಿಸ್ಟಮ್

ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್‌ಪ್ಲೇ ಸೆಟ್ಟಿಂಗ್ಸ್' ತೆರೆಯಿರಿ. 'ಐಡೆಂಟಿಫೈ' ಒತ್ತಿದರೆ ಯಾವುದು 1, ಯಾವುದು 2 ಎಂದು ಪರದೆಗಳ ಮೇಲೆಯೇ ತೋರಿಸುತ್ತದೆ. ಮೇಜಿನ ಮೇಲೆ ಮಾನಿಟರ್‌ಗಳು ಹೇಗಿವೆಯೋ ಹಾಗೆಯೇ ಆ ಪೆಟ್ಟಿಗೆಗಳನ್ನು ಎಳೆದು ಜೋಡಿಸಿ. ಪೆಟ್ಟಿಗೆಗಳು ಮೇಲೆ ಕೆಳಗೆ ಇದ್ದರೆ ಮೌಸ್ ಒಂದು ಪರದೆಯಿಂದ ಇನ್ನೊಂದಕ್ಕೆ ದಾಟುವಾಗ ಅಂಚಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಟೈಮ್‌ಲೈನ್ ಇರಬೇಕಾದ ಮಾನಿಟರ್ ಆಯ್ಕೆ ಮಾಡಿ 'ಮೇಕ್ ದಿಸ್ ಮೈ ಮೇನ್ ಡಿಸ್‌ಪ್ಲೇ' ಎಂಬುದಕ್ಕೆ ಟಿಕ್ ಹಾಕಿ.

ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುತ್ತಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ 'ಎಕ್ಸ್‌ಟೆಂಡ್' ಆರಿಸಿ. ಕಾಣೆಯಾದ ವಿಂಡೋ ತರಲು ಇರುವ ದಾರಿಗಳು ಇವು:

* ಟಾಸ್ಕ್‌ಬಾರ್‌ನಲ್ಲಿ ಆ ವಿಂಡೋ ಮೇಲೆ ಕ್ಲಿಕ್ ಮಾಡಿ, ನಂತರ ವಿಂಡೋಸ್ ಕೀ, ಶಿಫ್ಟ್ ಮತ್ತು ಎಡ ಅಥವಾ ಬಲ ಬಾಣದ ಕೀ ಒಟ್ಟಿಗೆ ಒತ್ತಿ. ವಿಂಡೋ ಒಂದು ಮಾನಿಟರ್‌ನಿಂದ ಇನ್ನೊಂದಕ್ಕೆ ಬರುತ್ತದೆ.
* ಅದಾಗದಿದ್ದರೆ ಆಲ್ಟ್ ಮತ್ತು ಸ್ಪೇಸ್ ಒತ್ತಿ, ಬಳಿಕ ಎಂ ಒತ್ತಿ. ಬಾಣದ ಕೀಯನ್ನು ಒಮ್ಮೆ ಒತ್ತಿದರೆ ವಿಂಡೋ ಮೌಸ್‌ಗೆ ಅಂಟಿಕೊಳ್ಳುತ್ತದೆ. ಎಳೆದು ತಂದು ಕ್ಲಿಕ್ ಮಾಡಿ. ಪೂರ್ತಿ ದೊಡ್ಡದಾಗಿರುವ ವಿಂಡೋದಲ್ಲಿ 'ಮೂವ್' ಆಯ್ಕೆ ಕೆಲಸ ಮಾಡುವುದಿಲ್ಲ. ಮೊದಲು 'ರೀಸ್ಟೋರ್' ಆರಿಸಬೇಕು.
* ಎರಡೂ ಆಗದಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ ಸ್ವಲ್ಪ ಹೊತ್ತು 'ಪಿಸಿ ಸ್ಕ್ರೀನ್ ಓನ್ಲಿ' ಆರಿಸಿ. ವಿಂಡೋಗಳು ಮುಖ್ಯ ಪರದೆಗೆ ಬಂದ ಮೇಲೆ ಮತ್ತೆ 'ಎಕ್ಸ್‌ಟೆಂಡ್' ಮಾಡಿ.
* ಪರದೆ ಕಪ್ಪಾಗಿ ನಿಂತಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮತ್ತು ಬಿ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮರುಚಾಲನೆಯಾಗುತ್ತದೆ. ಆದರೂ ಇದಕ್ಕೂ ಮೊದಲು ಸೇವ್ ಮಾಡಿರಿ.

ವಿಂಡೋಸ್ 11ರಲ್ಲಿ 'ಮಲ್ಟಿಪಲ್ ಡಿಸ್‌ಪ್ಲೇಸ್' ಅಡಿ, ಮಾನಿಟರ್ ಜೋಡಣೆಗೆ ತಕ್ಕಂತೆ ವಿಂಡೋಗಳ ಸ್ಥಾನ ನೆನಪಿಡುವ ಆಯ್ಕೆಯಿದೆ. ಲ್ಯಾಪ್‌ಟಾಪ್ ತೆಗೆದು ಹಾಕಿ ಮಾಡುವವರು ಅದನ್ನು ಆನ್ ಇಟ್ಟುಕೊಳ್ಳುವುದು ಉತ್ತಮ.

ಮ್ಯಾಕ್‌ನಲ್ಲಿ 'ಸಿಸ್ಟಮ್ ಸೆಟ್ಟಿಂಗ್ಸ್', 'ಡಿಸ್‌ಪ್ಲೇಸ್', 'ಅರೇಂಜ್' ಎಂಬಲ್ಲಿ ಮಾನಿಟರ್‌ಗಳನ್ನು ಜೋಡಿಸಬಹುದು. ಒಂದೇ ವಿಂಡೋವನ್ನು ಎರಡೂ ಪರದೆಗೆ ಹರಡಲು ಆಗುತ್ತಿಲ್ಲವೆಂದರೆ 'ಡೆಸ್ಕ್‌ಟಾಪ್ ಅಂಡ್ ಡಾಕ್' ಸೆಟ್ಟಿಂಗ್ಸ್‌ನಲ್ಲಿ 'ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್' ಆನ್ ಇರುವುದು ಕಾರಣ. ಆಫ್ ಮಾಡಿ ಲಾಗ್ ಔಟ್ ಆಗಿ ಬಂದರೆ ಬದಲಾವಣೆ ಜಾರಿಯಾಗುತ್ತದೆ.

ಅಕ್ಷರ ಮಸುಕು, ಬಟನ್ ಪರದೆಯಾಚೆ

ಲ್ಯಾಪ್‌ಟಾಪ್ ಪರದೆಯ ಸ್ಕೇಲ್ ಶೇ.150 ಇದ್ದು, ಹೊರಗಿನ ಮಾನಿಟರ್ ಶೇ.100ರಲ್ಲಿದ್ದರೆ ಪ್ಯಾನಲ್ ಅನ್ನು ಒಂದರಿಂದ ಇನ್ನೊಂದಕ್ಕೆ ಎಳೆದಾಗ ಅಕ್ಷರ ಮಸುಕಾಗಬಹುದು. ಕೆಲವೊಮ್ಮೆ ಪ್ಯಾನಲ್ ಊದಿಕೊಂಡು 'ಓಕೆ' ಬಟನ್ ಪರದೆಯ ಕೆಳಗೆ ಮರೆಯಾಗುತ್ತದೆ. ಎರಡೂ ಪರದೆಯ ಸ್ಕೇಲ್ ಸಾಧ್ಯವಾದಷ್ಟು ಹತ್ತಿರ ತಂದು, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ. ಹಾಗೂ ಸರಿಹೋಗದಿದ್ದರೆ ಸಾಫ್ಟ್‌ವೇರ್ ಐಕಾನ್‌ನ 'ಪ್ರಾಪರ್ಟೀಸ್', 'ಕಂಪ್ಯಾಟಿಬಿಲಿಟಿ', 'ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್' ಎಂಬಲ್ಲಿ ಆ ಸಾಫ್ಟ್‌ವೇರ್‌ಗೆ ಮಾತ್ರ ಬದಲಾವಣೆ ಮಾಡಬಹುದು.

ಹಂತ 3: ಎಡಿಟಿಂಗ್ ಸಾಫ್ಟ್‌ವೇರ್

ಮೇಲಿನ ಎರಡೂ ಹಂತ ಸರಿಯಿದ್ದರೆ ಮಾತ್ರ ಸಾಫ್ಟ್‌ವೇರ್ ಮುಟ್ಟಿ. ಆವೃತ್ತಿಗೆ ತಕ್ಕಂತೆ ಮೆನುವಿನ ಹೆಸರುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು.

ಅಡೋಬಿ ಪ್ರೀಮಿಯರ್ ಪ್ರೊ: ಒಂದೇ ಪ್ಯಾನಲ್ ಪರದೆ ತುಂಬಾ ಹರಡಿ ಉಳಿದವೆಲ್ಲ ಮಾಯವಾಗಿದ್ದರೆ ಅದು ದೋಷವಲ್ಲ. ಎಸ್ಕೇಪ್ ಕೀ ಕೆಳಗಿರುವ, ಅಲೆಯಂಥ ಗುರುತಿನ ಕೀ ಕೈತಪ್ಪಿ ಒತ್ತಿರುವ ಸಾಧ್ಯತೆಯೇ ಹೆಚ್ಚು. ಮೌಸ್ ಅನ್ನು ಆ ಪ್ಯಾನಲ್ ಮೇಲಿಟ್ಟು ಅದೇ ಕೀ ಮತ್ತೆ ಒತ್ತಿದರೆ ಎಲ್ಲವೂ ವಾಪಸ್ ಬರುತ್ತವೆ. ಪ್ಯಾನಲ್ ಮುಚ್ಚಿಹೋಗಿದ್ದರೆ 'ವಿಂಡೋ' ಮೆನುವಿನಲ್ಲಿ ಅದರ ಹೆಸರಿನ ಮೇಲೆ ಕ್ಲಿಕ್ ಮಾಡಿ. ಇಡೀ ಲೇಔಟ್ ಕೆಟ್ಟಿದ್ದರೆ 'ವಿಂಡೋ', 'ವರ್ಕ್‌ಸ್ಪೇಸಸ್', 'ರೀಸೆಟ್ ಟು ಸೇವ್ಡ್ ಲೇಔಟ್' ಆರಿಸಿ. ಆಲ್ಟ್, ಶಿಫ್ಟ್ ಮತ್ತು ಸೊನ್ನೆ ಇದರ ಶಾರ್ಟ್‌ಕಟ್.

ಗೆಳೆಯರ ಪ್ರಾಜೆಕ್ಟ್ ತೆರೆದಾಗಲೆಲ್ಲ ನಿಮ್ಮ ಲೇಔಟ್ ಬದಲಾಗುತ್ತಿದ್ದರೆ ಅದೇ ಮೆನುವಿನ 'ಇಂಪೋರ್ಟ್ ವರ್ಕ್‌ಸ್ಪೇಸ್ ಫ್ರಮ್ ಪ್ರಾಜೆಕ್ಟ್ಸ್' ಟಿಕ್ ತೆಗೆಯಿರಿ. ಅದು ಆನ್ ಇದ್ದರೆ ಅವರ ಮೇಜಿನ ಜೋಡಣೆಯೂ ಪ್ರಾಜೆಕ್ಟ್ ಜತೆಗೇ ನಿಮ್ಮಲ್ಲಿಗೆ ಬರುತ್ತದೆ. ಎರಡನೇ ಮಾನಿಟರ್‌ನಲ್ಲಿ ಪೂರ್ತಿ ಚಿತ್ರ ಮಾತ್ರ ಬೇಕೆಂದರೆ 'ಪ್ರಿಫರೆನ್ಸಸ್'ನ 'ಪ್ಲೇಬ್ಯಾಕ್' ವಿಭಾಗದಲ್ಲಿ 'ಮರ್ಕ್ಯುರಿ ಟ್ರಾನ್ಸ್‌ಮಿಟ್' ಆನ್ ಮಾಡಿ ಆ ಮಾನಿಟರ್ ಆರಿಸಬೇಕು. ಇದಕ್ಕೆ ವಿರುದ್ಧವಾದ ಸಮಸ್ಯೆಯೂ ಉಂಟು. ಎರಡನೇ ಪರದೆ ಸದಾ ವಿಡಿಯೋದಿಂದಲೇ ಮುಚ್ಚಿಹೋಗಿ ಅದರಡಿ ಪ್ಯಾನಲ್‌ಗಳು ಕಾಣದಿದ್ದರೆ ಇದೇ ಆಯ್ಕೆಯನ್ನು ಆಫ್ ಮಾಡಿ.

ಡಾವಿಂಚಿ ರಿಸಾಲ್ವ್: ಇಲ್ಲಿ ಪ್ಯಾನಲ್‌ಗಳನ್ನು ಪ್ರೀಮಿಯರ್‌ನಷ್ಟು ಸಲೀಸಾಗಿ ಬೇಕಾದಲ್ಲಿಗೆ ಎಳೆದಿಡಲು ಆಗುವುದಿಲ್ಲ. 'ವರ್ಕ್‌ಸ್ಪೇಸ್' ಮೆನುವಿನಲ್ಲಿ 'ಡ್ಯುಯಲ್ ಸ್ಕ್ರೀನ್' ಆನ್ ಮಾಡಿದರೆ ಸಾಫ್ಟ್‌ವೇರೇ ಪ್ಯಾನಲ್‌ಗಳನ್ನು ಎರಡು ಪರದೆಗೆ ಹಂಚುತ್ತದೆ. ಎಡಿಟ್, ಕಲರ್ ಹೀಗೆ ಪುಟ ಬದಲಾದಂತೆ ಹಂಚಿಕೆಯೂ ಬದಲಾಗುತ್ತದೆ. ಟೈಮ್‌ಲೈನ್ ಬೇಡದ ಕಡೆ ಬಂದಿದ್ದರೆ ಅದೇ ಮೆನುವಿನ 'ಪ್ರೈಮರಿ ಡಿಸ್‌ಪ್ಲೇ' ಬದಲಿಸಿ. ಎಲ್ಲವೂ ಅಸ್ತವ್ಯಸ್ತವಾಗಿದ್ದರೆ 'ರೀಸೆಟ್ ಯುಐ ಲೇಔಟ್' ಇದೆ. ಊರಿಗೆ ಹೋಗುವ ಮುನ್ನ 'ಡ್ಯುಯಲ್ ಸ್ಕ್ರೀನ್' ಆಫ್ ಮಾಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ.

ಫೈನಲ್ ಕಟ್ ಪ್ರೊ: 'ವಿಂಡೋ' ಮೆನುವಿನ 'ಶೋ ಇನ್ ಸೆಕೆಂಡರಿ ಡಿಸ್‌ಪ್ಲೇ' ಮೂಲಕ ಬ್ರೌಸರ್, ವ್ಯೂವರ್ ಅಥವಾ ಟೈಮ್‌ಲೈನ್ ಪೈಕಿ ಒಂದನ್ನು ಎರಡನೇ ಪರದೆಗೆ ಕಳಿಸಬಹುದು. ಮೊದಲಿನ ಸ್ಥಿತಿಗೆ ಮರಳಲು 'ವರ್ಕ್‌ಸ್ಪೇಸಸ್'ನಲ್ಲಿ 'ಡೀಫಾಲ್ಟ್' ಆರಿಸಿ, ಅಥವಾ ಕಮಾಂಡ್ ಮತ್ತು ಸೊನ್ನೆ ಒತ್ತಿ.

ಕೆಡೆನ್‌ಲೈವ್ ಮತ್ತು ಶಾಟ್‌ಕಟ್: ಉಚಿತವಾಗಿ ಸಿಗುವ ಈ ಸಾಫ್ಟ್‌ವೇರ್‌ಗಳನ್ನು ವಿದ್ಯಾರ್ಥಿಗಳೂ ಬಳಸುತ್ತಾರೆ. ಕೆಡೆನ್‌ಲೈವ್‌ನಲ್ಲಿ ಪ್ಯಾನಲ್ ಎಳೆಯಲು ಹಿಡಿಕೆಯೇ ಕಾಣದಿದ್ದರೆ 'ವ್ಯೂ' ಮೆನುವಿನಲ್ಲಿ 'ಶೋ ಟೈಟಲ್ ಬಾರ್ಸ್' ಆನ್ ಮಾಡಿ. ಅಲ್ಲಿಯೇ ಲೇಔಟ್ ಸೇವ್ ಮಾಡುವ, ಮರಳಿ ತರುವ ಆಯ್ಕೆಗಳಿವೆ. ಶಾಟ್‌ಕಟ್‌ನಲ್ಲಿ 'ವ್ಯೂ', 'ಲೇಔಟ್', 'ರೀಸ್ಟೋರ್ ಡೀಫಾಲ್ಟ್ ಲೇಔಟ್' ಸಾಕು. ಲಿನಕ್ಸ್ ಬಳಸುವವರು ಗಮನಿಸಬೇಕಾದ ಅಂಶವೊಂದಿದೆ. ವೇಲ್ಯಾಂಡ್ ವ್ಯವಸ್ಥೆಯಲ್ಲಿ ಯಾವ ವಿಂಡೋ ಎಲ್ಲಿ ಕೂರಬೇಕೆಂದು ಸಾಫ್ಟ್‌ವೇರ್ ತಾನೇ ನಿರ್ಧರಿಸುವಂತಿಲ್ಲ. ಹಾಗಾಗಿ ಪ್ರತ್ಯೇಕ ವಿಂಡೋಗಳು ಪ್ರತಿ ಬಾರಿ ಬೇರೆ ಕಡೆ ತೆರೆಯಬಹುದು. ಎಕ್ಸ್11 ಸೆಷನ್ ಲಭ್ಯವಿದ್ದರೆ ಅದರಲ್ಲಿ ಲಾಗಿನ್ ಆಗಿ ನೋಡಬಹುದು.

ರೀಸೆಟ್ ಮಾಡುವುದು ಯಾವಾಗ?

ಲೇಔಟ್ ರೀಸೆಟ್ ಬೇರೆ, ಪ್ರಿಫರೆನ್ಸಸ್ ರೀಸೆಟ್ ಬೇರೆ. ಮೊದಲನೆಯದು ಪ್ಯಾನಲ್‌ಗಳ ಸ್ಥಾನವನ್ನಷ್ಟೇ ಬದಲಿಸುತ್ತದೆ. ಎರಡನೆಯದು ಆಟೋಸೇವ್ ಅವಧಿ, ಆಡಿಯೋ ಸಾಧನ, ಕ್ಯಾಶ್ ಫೈಲ್‌ಗಳ ಜಾಗ ಮುಂತಾದವನ್ನೂ ಮೂಲ ಸ್ಥಿತಿಗೆ ತರುತ್ತದೆ. ಪ್ರೀಮಿಯರ್ ತೆರೆಯುವಾಗ ಆಲ್ಟ್ ಕೀ ಒತ್ತಿ ಹಿಡಿದರೆ ಪ್ರಿಫರೆನ್ಸಸ್ ರೀಸೆಟ್ ಮಾಡುವ ಅವಕಾಶ ಸಿಗುತ್ತದೆ. ಸಾಫ್ಟ್‌ವೇರ್ ತೆರೆಯುತ್ತಿದ್ದಂತೆ ಮುಚ್ಚಿಹೋಗುತ್ತಿದ್ದರೆ, ಲೇಔಟ್ ರೀಸೆಟ್ ಕೆಲಸ ಮಾಡದಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುವುದು ಎಲ್ಲಕ್ಕಿಂತ ಕೊನೆಯ ದಾರಿ. ಹಳೆಯ ಸೆಟ್ಟಿಂಗ್ಸ್ ಫೈಲ್ ಅಳಿಯದೆ ಉಳಿದಿದ್ದರೆ ಮತ್ತೆ ಹಾಕಿದ ಮೇಲೂ ಅದೇ ಸಮಸ್ಯೆ ಮುಂದುವರಿಯುತ್ತದೆ.

ಹಂಚಿಕೊಂಡು ಬಳಸುವ ಕಂಪ್ಯೂಟರ್‌ನಲ್ಲಿ ರೀಸೆಟ್‌ಗೆ ಮೊದಲು, ಮುಂಚೆ ಕೂತವರನ್ನು ಒಂದು ಮಾತು ಕೇಳಿ. ನಿಮಗೆ ಗೊಂದಲವಾಗಿ ಕಂಡ ಲೇಔಟ್ ಇನ್ನೊಬ್ಬರು ವಾರಗಟ್ಟಲೆ ಹೊಂದಿಸಿಕೊಂಡದ್ದಾಗಿರಬಹುದು. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಟ್ಟರೆ ಈ ಜಗಳವೇ ಇರುವುದಿಲ್ಲ.

ಎರಡು ಲೇಔಟ್ ಸೇವ್ ಮಾಡಿಟ್ಟುಕೊಳ್ಳಿ

ಇಷ್ಟೆಲ್ಲ ಪರದಾಟಕ್ಕೆ ಶಾಶ್ವತ ಪರಿಹಾರ ಐದು ನಿಮಿಷದ ಕೆಲಸ. ಎಲ್ಲವೂ ಸರಿಯಿರುವ ದಿನವೇ ಎರಡು ಲೇಔಟ್ ಸೇವ್ ಮಾಡಿ. ಒಂದಕ್ಕೆ 'ಎರಡು ಪರದೆ', ಇನ್ನೊಂದಕ್ಕೆ 'ಲ್ಯಾಪ್‌ಟಾಪ್' ಎಂದು ಹೆಸರಿಡಿ. ಪ್ರೀಮಿಯರ್‌ನಲ್ಲಿ 'ಸೇವ್ ಆ್ಯಸ್ ನ್ಯೂ ವರ್ಕ್‌ಸ್ಪೇಸ್', ರಿಸಾಲ್ವ್‌ನಲ್ಲಿ 'ಲೇಔಟ್ ಪ್ರಿಸೆಟ್ಸ್', ಫೈನಲ್ ಕಟ್‌ನಲ್ಲಿ 'ಸೇವ್ ವರ್ಕ್‌ಸ್ಪೇಸ್ ಆ್ಯಸ್' ಇದಕ್ಕೆಂದೇ ಇವೆ. ಮಾನಿಟರ್ ಕೇಬಲ್ ತೆಗೆಯುವ ಮುನ್ನ 'ಲ್ಯಾಪ್‌ಟಾಪ್' ಲೇಔಟ್‌ಗೆ ಬದಲಾಯಿಸಿ, ಸೇವ್ ಮಾಡಿ, ಸಾಫ್ಟ್‌ವೇರ್ ಮುಚ್ಚಿ. ಮರಳಿ ಬಂದು ಮಾನಿಟರ್ ಜೋಡಿಸಿದ ಮೇಲೆ 'ಎರಡು ಪರದೆ' ಆರಿಸಿದರೆ ಮುಗಿಯಿತು.

ಪ್ರೀಮಿಯರ್ ಈ ಲೇಔಟ್‌ಗಳನ್ನು ಡಾಕ್ಯುಮೆಂಟ್ಸ್‌ನ ಅಡೋಬಿ ಫೋಲ್ಡರ್‌ನಲ್ಲಿ, ನಿಮ್ಮ ಪ್ರೊಫೈಲ್ ಒಳಗೆ 'ಲೇಔಟ್ಸ್' ಎಂಬಲ್ಲಿ ಇಡುತ್ತದೆ. ಆ ಫೋಲ್ಡರ್‌ನ ಪ್ರತಿ ಪೆನ್‌ಡ್ರೈವ್‌ನಲ್ಲಿದ್ದರೆ ಬೇರೆ ಕಂಪ್ಯೂಟರ್‌ನಲ್ಲೂ ನಿಮ್ಮ ಜೋಡಣೆ ಸಿಗುತ್ತದೆ.

ಮುಂದಿನ ಬಾರಿ ಗಡುವಿನ ಹಿಂದಿನ ರಾತ್ರಿ ಟೈಮ್‌ಲೈನ್ ಕಾಣದಿದ್ದರೆ ನೆನಪಿರಲಿ: ಮೊದಲು ಸೇವ್, ಆಮೇಲೆ ಕೇಬಲ್, ನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್, ಕೊನೆಗೆ ಲೇಔಟ್ ರೀಸೆಟ್. ಇಷ್ಟರಲ್ಲಿ ಬಹುತೇಕ ಸಮಸ್ಯೆಗಳು ಬಗೆಹರಿಯುತ್ತವೆ. ಒಂದು ವೇಳೆ ಬಗೆಹರಿಯದಿದ್ದರೆ ಆ ರಾತ್ರಿ ಎರಡನೇ ಮಾನಿಟರ್ ಕೇಬಲ್ ತೆಗೆದಿಟ್ಟು ಒಂದೇ ಪರದೆಯಲ್ಲಿ ಕೆಲಸ ಮುಗಿಸಿ, ಚಿತ್ರ ಒಪ್ಪಿಸಿ. ಲೇಔಟ್ ಅನ್ನು ಮರುದಿನ ನಿಧಾನವಾಗಿ ಸರಿಪಡಿಸಿಕೊಳ್ಳಬಹುದು.